ಗೋಣೆಪ್ಪನ ಲೆನ್ಸಿಗೆ ಎಳೆಬಿಸಿಲು

ಗೋಣೆಪ್ಪ ಕ್ಯಾಮೆರಾ ತಂದ ದಿನ, ಯಾರದೋ ಮನೆಗೆ ಆಸ್ಪತ್ರೆಯಿಂದ ಬಾಣಂತಿ ಬಂದಳೆಂದೇ ನಮ್ಮ ಬೀದಿಯವರು ತಿಳಿದರು. ಆಟೋ ಅಷ್ಟು ನಿಧಾನಕ್ಕೆ ಬಂತು. ಡಬ್ಬವನ್ನು ಎದೆಗೆ ಅವಚಿಕೊಂಡು ಇಳಿದ ಗೋಣೆಪ್ಪ, ಆಟೋದವನಿಗೆ ಬಾಡಿಗೆ ಕೊಡುವಾಗಲೂ ಕೈ ಸಡಿಲಿಸಲಿಲ್ಲ. ಜೇಬಿನಿಂದ ನೀನೇ ತಗೋ ಎಂದು ಸೊಂಟ ತಿರುಗಿಸಿ ನಿಂತ. ಬಾಗಿಲಲ್ಲಿ ಅವನ ಹೆಂಡತಿ ನಿರ್ಮಲಮ್ಮ ಆರತಿ ತಟ್ಟೆ ಹಿಡಿದಿದ್ದಳು. ದಾವಣಗೆರೆಯಿಂದಲೇ ಫೋನ್ ಮಾಡಿ ಹೇಳಿದ್ದನಂತೆ.

ಗೋಣೆಪ್ಪ ನಮ್ಮ ಚನ್ನಗಿರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ಅಟೆಂಡರ್. ಮಕ್ಕಳ ಕೈಗೆ ಮಸೂರ, ಪ್ರಿಸಂ, ಸ್ಟಾಪ್‌ವಾಚು ಕೊಡುವುದು, ಸಂಜೆ ಎಣಿಸಿ ಬೀಗ ಹಾಕುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಆ ಸಾಮಾನು ಹಿಡಿದುಕೊಂಡು ಮಕ್ಕಳು ಏನು ಮಾಡುತ್ತಾರೆ ಎಂದು ಅವನು ಒಂದು ದಿನವೂ ಇಣುಕಿ ನೋಡಿದವನಲ್ಲ. ಸಾಮಾನು ಒಡೆಯಬಾರದು, ಅಷ್ಟೇ ಅವನ ಭೌತಶಾಸ್ತ್ರ. ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ ಕಾರಣವಾದ್ದರಿಂದ ಮೊದಲೇ ಹೇಳಿಬಿಟ್ಟೆ.

ಕ್ಯಾಮೆರಾ ಮಾತ್ರ ಸಾಮಾನ್ಯದ್ದಲ್ಲ. ಮಿರರ್‌ಲೆಸ್, ಫುಲ್ ಫ್ರೇಮ್, ನಲವತ್ತೈದು ಮೆಗಾಪಿಕ್ಸೆಲ್. ಬೇರೆಯವರು ಮನೆದೇವರ ಹೆಸರು ಹೇಳುವಾಗ ಕಣ್ಣು ಮುಚ್ಚುವಂತೆ ಗೋಣೆಪ್ಪ ಆ ನಲವತ್ತೈದನ್ನು ಹೇಳುವಾಗ ಮುಚ್ಚುತ್ತಿದ್ದ. ನಾನು ಅವನ ಎದುರು ಮನೆಯವನು, ಅಂಚೆ ಇಲಾಖೆಯಿಂದ ನಿವೃತ್ತನಾದವನು, ಇಂಥ ಭಕ್ತಿಯನ್ನು ಸುಲಭಕ್ಕೆ ಒಪ್ಪುವವನಲ್ಲ. ಆದರೆ ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಫೋಟೊ ತೆಗೆದು, ಪರದೆಯ ಮೇಲೆ ಹಿಗ್ಗಿಸುತ್ತಾ ಹೋದ. ನನ್ನ ಮುಖ ಬಂತು, ಮುಖದಲ್ಲಿ ಕನ್ನಡಕ ಬಂತು, ಕನ್ನಡಕದ ಗಾಜಿನೊಳಗೆ ನಮ್ಮ ಬೀದಿಯೇ ಬಂತು. ಬೀದಿಯಲ್ಲಿ ಪಕ್ಕದ ಮನೆಯ ಗೇಟು, ಗೇಟಿನ ಮೇಲೆ ಒಂದು ಕಾಗೆ. ನಾನು ಕನ್ನಡಕ ತೆಗೆದು ಗಾಜನ್ನು ತಿರುಗಿಸಿ ನೋಡಿದೆ. ಅರವತ್ತಮೂರು ವರ್ಷ ಈ ಕಣ್ಣಿನ ಮೇಲೆ ಇಷ್ಟೆಲ್ಲ ಹೊತ್ತುಕೊಂಡು ತಿರುಗಿದ್ದೇನೆ, ನನಗೇ ಗೊತ್ತಿರಲಿಲ್ಲ.

ಕ್ಯಾಮೆರಾ ಬಂದ ಮೇಲೆ ಆ ಮನೆಯ ಕಾನೂನು ಬದಲಾಯಿತು. ಕ್ಯಾಮೆರಾ ಹೊರಗಿದ್ದಾಗ ಒಗ್ಗರಣೆ ಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ, ಸೀನುವವರು ಬಚ್ಚಲಿಗೆ ಹೋಗಬೇಕು. ಬೀರುವಿನಿಂದ ನಿರ್ಮಲಮ್ಮನ ರೇಷ್ಮೆ ಸೀರೆಗಳು ಟ್ರಂಕಿಗೆ ಇಳಿದವು. ಅವುಗಳ ಜಾಗದಲ್ಲಿ ಕ್ಯಾಮೆರಾ ಕೂತಿತು, ಥಂಡಿಯಾಗಬಾರದೆಂದು ಅದರ ತಲೆಯ ಮೇಲೆ ಒಂದು ಜೀರೋ ಬಲ್ಬು ಹಗಲೂ ರಾತ್ರಿ ಉರಿಯಿತು. ಚಪ್ಪಲಿ ಅಂಗಡಿಗಳಲ್ಲಿ ಶೂ ಡಬ್ಬದೊಳಗೆ ಬರುತ್ತದಲ್ಲ, ತೇವ ಹೀರುವ ಕಾಳಿನ ಪುಟ್ಟ ಚೀಲ, ಅದನ್ನು ಊರಿನ ಅಷ್ಟೂ ಅಂಗಡಿಗಳಿಂದ ಬೇಡಿ ತಂದು ಸುತ್ತ ಪೇರಿಸಿದ. ನಿರ್ಮಲಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಒಂದಕ್ಕೆ ಇಷ್ಟು ಆರೈಕೆ ನಡೆಯುವುದು ಅವಳಿಗೂ ಇಷ್ಟವಾಗಿತ್ತೋ ಏನೋ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುವ ಪರಶುರಾಮ್ ಎಂಬ ಅವನ ಗುರು, ನಿಜವಾದ ರುಚಿ ಇರುವುದು ಹಳೇ ಲೆನ್ಸಿನಲ್ಲಿ ಎಂದುಬಿಟ್ಟ. ಹೊಸ ಲೆನ್ಸು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ, ಹಳೆಯದು ಮನುಷ್ಯರನ್ನು ಚೆಂದ ಮಾಡಿ ತೋರಿಸುತ್ತದೆ ಎಂಬುದು ಅವನ ವಾದ. ಗೋಣೆಪ್ಪ ಹಳೇ ಲೆನ್ಸಿಗಾಗಿ ತಾಲ್ಲೂಕೆಲ್ಲ ತಿರುಗಿದ. ಕೊನೆಗೆ ಬಸವಾಪಟ್ಟಣದಲ್ಲಿ, ಹಿಂದೆ ಟೆಂಟ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಬಸವರಾಜಪ್ಪ ಎಂಬ ಮುದುಕರ ಮನೆಯಲ್ಲಿ ಸಿಕ್ಕಿತು. ಹಿತ್ತಾಳೆ ಕೊಳವೆ, ಗೇಣುದ್ದ, ಎರಡೂ ತುದಿಗೆ ದಪ್ಪ ಗಾಜು. ಅವರ ಮನೆಯಲ್ಲಿ ಅದು ಬಾಗಿಲು ಬಡಿಯದಂತೆ ಅಡ್ಡ ಇಡುವ ಕಲ್ಲಾಗಿ ಕೆಲಸ ಮಾಡುತ್ತಿತ್ತು. ಮುದುಕರು ದುಡ್ಡು ಮುಟ್ಟಲಿಲ್ಲ. ಇದರೊಳಗಿಂದ ಮೂವತ್ತು ವರ್ಷ ಜನ ಅತ್ತಿದ್ದಾರೆ, ನಕ್ಕಿದ್ದಾರೆ, ಬಾಗಿಲು ಕಾಯುವ ಕೆಲಸದಿಂದ ಬಿಡುಗಡೆ ಮಾಡು ಸಾಕು ಎಂದರಂತೆ.

ಲೇತ್ ಅಂಗಡಿಯಲ್ಲಿ ರಿಂಗ್ ಮಾಡಿಸಿ ಅದನ್ನು ಕ್ಯಾಮೆರಾಕ್ಕೆ ಜೋಡಿಸಿದ್ದಾಯಿತು. ಆದರೆ ಫೋಟೊ ಎಲ್ಲ ಮಂಜು ಮಂಜು. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು. ಪರಶುರಾಮ್ ಫೋನಿನಲ್ಲೇ ಔಷಧ ಹೇಳಿದ. ದಿನಾ ಬೆಳಿಗ್ಗೆ ಒಂದು ತಾಸು ಎಳೆಬಿಸಿಲು ಕಾಯಿಸಬೇಕು, ಎರಡೂ ಕಡೆ ಗಾಳಿಯಾಡಬೇಕು, ಅಲುಗಾಡಬಾರದು, ನೆಲದ ಧೂಳು ತಾಗಬಾರದು.

ನಮ್ಮ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಗೋಣೆಪ್ಪನ ತಾರಸಿಗೂ ಪಶ್ಚಿಮಕ್ಕಿರುವ ಸಾವಂತ್ರಮ್ಮನ ತಾರಸಿಗೂ ನಡುವೆ ಎದೆಯೆತ್ತರದ ಒಂದೇ ಗೋಡೆ, ಗೋಡೆಯ ಮೇಲುಭಾಗದಲ್ಲಿ ದುಂಡು ತೂತುಗಳ ಸಿಮೆಂಟ್ ಜಾಲಿ. ಗೋಣೆಪ್ಪ ಲೆನ್ಸನ್ನು ಆ ತೂತಿಗೆ ತೂರಿಸಿ ನೋಡಿದ. ಗಾರೆಯವನು ಇಪ್ಪತ್ತು ವರ್ಷದ ಹಿಂದೆ ಅಳತೆ ತೆಗೆದುಕೊಂಡೇ ಕಟ್ಟಿದ್ದಾನೋ ಎಂಬಂತೆ ಸರಿಯಾಗಿ ಕೂತಿತು. ಮುಂದಿನ ಗಾಜು ಮೂಡಣ ಸೂರ್ಯನ ಕಡೆ ಸ್ವಲ್ಪ ತಲೆಯೆತ್ತುವಂತೆ ಕೆಳಗೆ ಒಂದು ಚಿಂದಿ ಬಟ್ಟೆ ತುರುಕಿದ. ಏಳೂವರೆಗೆ ಇಟ್ಟು ಸ್ನಾನಕ್ಕೆ ಹೋದರೆ, ತಿಂಡಿ ತಿಂದು ಎಂಟೂವರೆಗೆ ತೆಗೆದು ಬೀರುವಿನಲ್ಲಿಟ್ಟು ಕಾಲೇಜಿಗೆ ಹೋಗುತ್ತಿದ್ದ. ಗೋಡೆಯ ಆಚೆ, ಜಾಲಿಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ಸಾವಂತ್ರಮ್ಮ ಬಟ್ಟೆ ಹರವುವ ತಂತಿ ಇತ್ತು. ಅದು ಅವನ ಲೆಕ್ಕಕ್ಕೇ ಬರಲಿಲ್ಲ.

ಸಾವಂತ್ರಮ್ಮನ ಮನೆಯಲ್ಲಿ ಅಣ್ಣ ತಮ್ಮಂದಿರು ಪಾಲಾಗಿ ಅರ್ಧರ್ಧ ಇದ್ದರು. ತಮ್ಮನ ಹೆಂಡತಿ ಸಾವಂತ್ರಮ್ಮ, ಅಣ್ಣನ ಹೆಂಡತಿ ಉಚ್ಚಂಗೆಮ್ಮ. ಪಾಲಾದದ್ದು ಕಾಗದದಲ್ಲಿ ಮಾತ್ರ. ಗ್ರೈಂಡರ್ ಒಂದೇ, ಸಾರು ಎರಡೂ ಕಡೆಗೆ ಓಡಾಡುತ್ತಿತ್ತು. ಉಚ್ಚಂಗೆಮ್ಮನಿಗೆ ಮಕ್ಕಳಿಲ್ಲ. ಸಾವಂತ್ರಮ್ಮನ ಮಗಳು ಸುನೀತಾ ಬೆಳೆದದ್ದೆಲ್ಲ ಅವಳ ಮಡಿಲಲ್ಲೇ. ಈಗ ಸುನೀತಾಳಿಗೆ ನ್ಯಾಮತಿಯ ಹುಡುಗ ಗೊತ್ತಾಗಿ ನಿಶ್ಚಿತಾರ್ಥದ ದಿನ ಹತ್ತಿರ ಬಂದಿತ್ತು. ಉಡಿ ತುಂಬುವವಳು ದೊಡ್ಡವ್ವನೇ ಎಂದು ಹುಡುಗಿ ಆರನೇ ವಯಸ್ಸಿನಿಂದಲೇ ಹೇಳಿಟ್ಟಿದ್ದಳು. ಆ ಫೋಟೊವನ್ನು ಟೆಂಟ್ ಟಾಕೀಸಿನ ಲೆನ್ಸಿನಿಂದಲೇ ತೆಗೆಯುತ್ತೇನೆಂದು ಗೋಣೆಪ್ಪ ಮಾತು ಕೊಟ್ಟಿದ್ದ. ಅದಕ್ಕೇ ಅವನಿಗೆ ಬೂಷ್ಟಿನ ಮೇಲೆ ಅಷ್ಟು ಸಿಟ್ಟು.

ಮೊದಲು ಸುಟ್ಟಿದ್ದು ಸಾವಂತ್ರಮ್ಮನ ನೀಲಿ ಸೀರೆ. ಮೆಣಸಿನ ಕಾಳಿನಷ್ಟು ತೂತು, ಅಂಚು ಕರಕಲು. ಯಾವುದೋ ಬೀಡಿ ಕಿಡಿ ಎಂದು ಗಂಡನನ್ನು ಬೈದು ಸುಮ್ಮನಾದಳು. ಮರುದಿನ ಗಂಡನ ಕಂದು ಲುಂಗಿ. ಆಮೇಲೆ ಸುನೀತಾಳ ಚೂಡಿದಾರ್, ಅದರಲ್ಲಿ ಮೂರು ತೂತು, ಸಾಲಾಗಿ. ನಾಲ್ಕನೇ ದಿನ ಬೀದಿಯ ಹೆಂಗಸರೆಲ್ಲ ಆ ಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಇಲಿ ಕಡಿದದ್ದಲ್ಲ, ಇಲಿ ಸುಡುವುದಿಲ್ಲ. ಇಸ್ತ್ರಿಯದಲ್ಲ, ಇಸ್ತ್ರಿ ಇಷ್ಟು ಸಣ್ಣದಾಗಿ ಸುಡುವುದಿಲ್ಲ. ಗೋಣೆಪ್ಪನೂ ಒಂದು ತೂತನ್ನು ಫೋಟೊ ತೆಗೆದು ಹಿಗ್ಗಿಸಿ ತೋರಿಸಿದ. ಪರದೆಯ ತುಂಬ ಅದು ಸುಟ್ಟ ಬಾವಿಯಂತೆ ಕಂಡು, ನೋಡಿದವರು ಇನ್ನಷ್ಟು ಹೆದರಿದರು.

ಆಗ ಜಗಳೂರಿನಿಂದ ಸಾವಂತ್ರಮ್ಮನ ಸೋದರತ್ತೆ ಅಂಜಿನಮ್ಮ ಬಂದಿಳಿದಳು. ಎಂಬತ್ತು ವರ್ಷ, ದನಿ ಮಾತ್ರ ನಲವತ್ತರದ್ದು. ಸೀರೆ ನೋಡಿದವಳೇ ಇದು ಬಾನಾಮತಿ ಎಂದಳು. ಅವಳ ಕಾಲದಲ್ಲಿ ಒಂದು ಮನೆಯಲ್ಲಿ ಹೀಗೆಯೇ ಮುಚ್ಚಿಟ್ಟ ಬಟ್ಟೆ ಸುಟ್ಟಿದ್ದವಂತೆ. ವಿಚಾರಣೆ ಶುರುವಾಯಿತು. ಬೆಳಿಗ್ಗೆ ಮಾತ್ರ ಸುಡುತ್ತದೆ. ಬಣ್ಣದ ಬಟ್ಟೆ ಸುಡುತ್ತದೆ, ಬಿಳಿಯದನ್ನು ಮುಟ್ಟುವುದಿಲ್ಲ. ಮೋಡದ ದಿನ ರಜೆ. ಈ ಮೂರನ್ನೂ ಪಟಪಟನೆ ಎಣಿಸಿದ ಅಂಜಿನಮ್ಮ, ಪೌರ್ಣಮಿ ಅಮಾವಾಸ್ಯೆ ನೋಡದೆ ಬಿಸಿಲು ನೋಡುವ ಬಾನಾಮತಿ ಬಲು ಘಾಟಿಯದು ಎಂದು ತೀರ್ಪು ಕೊಟ್ಟಳು. ಗೋಣೆಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

ತಾರಸಿಯ ಆಚೆ ಕೊನೆಯಲ್ಲಿ ಇನ್ನೊಂದು ತಂತಿ ಇತ್ತು. ಅದರ ಮೇಲಿನ ಬಟ್ಟೆಗೆ ಒಂದು ದಿನವೂ ಏನೂ ಆಗಿರಲಿಲ್ಲ. ಅಂಜಿನಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಆ ತಂತಿ ಯಾರದು ಎಂದು ಕೇಳಿದಳು, ಅಷ್ಟೇ.

ಅದು ಉಚ್ಚಂಗೆಮ್ಮನದು. ಅವತ್ತಿನಿಂದ ಸಾರು ಓಡಾಡುವುದು ನಿಂತಿತು. ನಡುಬಾಗಿಲಿಗೆ ಅಗಳಿ ಬಿತ್ತು. ಸುನೀತಾ ಆ ಅರ್ಧಕ್ಕೆ ಕಾಲಿಡಬಾರದೆಂದು ಆಣೆ ಹಾಕಿಸಿದರು. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಎಂಬ ಮಾತು ನಲ್ಲಿಯ ಹತ್ತಿರ ಹುಟ್ಟಿ ಸಂಜೆಗೆ ಬೀದಿಯ ತುದಿ ಮುಟ್ಟಿತು. ಇದನ್ನು ಕೇಳಿ ನನಗೆ ಸಂಕಟವಾಯಿತು. ಆದರೆ ಎದ್ದು ನಿಂತು ಒಂದು ಮಾತು ಆಡಿದೆನೇ ಎಂದರೆ, ಇಲ್ಲ. ಉಚ್ಚಂಗೆಮ್ಮ ಜಗಳವಾಡಲಿಲ್ಲ. ತನ್ನ ಬಟ್ಟೆಗಳನ್ನು ತಂತಿಯಿಂದ ತೆಗೆದು ಒಳಗೇ ಒಣಗಿಸತೊಡಗಿದಳು. ನೋಡಿದ್ರಾ, ಸಿಕ್ಕಿಬೀಳ್ತೀನಿ ಅಂತ ಹೆದರಿಕೊಂಡಳು ಎಂದು ಸಾವಂತ್ರಮ್ಮ ಅದಕ್ಕೂ ಅರ್ಥ ಹಚ್ಚಿದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷ ಅಕ್ಕ ಎಂದು ಕರೆದ ವಾರಗಿತ್ತಿ ಅಂಥವಳು ಎಂದು ನಂಬಬೇಕಾಗಿ ಬಂದದ್ದು ಅವಳಿಗೂ ಸುಖದ ಕೆಲಸವಾಗಿರಲಿಲ್ಲ.

ಪೊಲೀಸರಿಗೂ ಹೇಳಿದ್ದಾಯಿತು. ಎ.ಎಸ್.ಐ. ಜಯಪ್ಪ ಬಂದು, ತೂತುಗಳೊಳಗೆ ಕಿರುಬೆರಳು ಹಾಕಿ ನೋಡಿ, ತೂತಿನ ಮೇಲೆ ಕೇಸು ಹಾಕಾಕೆ ನಮ್ಮಲ್ಲಿ ಕಲಂ ಇಲ್ಲ ಎಂದರು. ಯಾರಾದರೂ ಕಣ್ಣಾರೆ ಕಂಡಿರಬೇಕು, ಇಲ್ಲವೇ ಸಿಸಿಟಿವಿ ಇರಬೇಕು ಎಂದರು. ಗೋಣೆಪ್ಪ ಈ ಮಾತಿಗೇ ಕಾದಿದ್ದವನಂತೆ ಮುಂದೆ ಬಂದ.

"ಸಿಸಿಟಿವಿನಾಗೆ ಮುಖಾನೇ ಕಾಣಲ್ಲ ಸರ್. ನಂದು ನಲವತ್ತೈದು ಮೆಗಾಪಿಕ್ಸೆಲ್ ಐತೆ. ಬಾನಾಮತಿ ಅಲ್ಲ, ಅದ್ರ ಉಗುರಿನ ಸಂದಿ ಕೂಡ ಕಾಣ್ತೈತೆ."

ಮರುದಿನ ಏಳಕ್ಕೇ ಅವನು ಸಾವಂತ್ರಮ್ಮನ ತಾರಸಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹೂಡಿದ. ಇಂಥ ಘನ ಕಾರ್ಯಕ್ಕೆ ಪ್ಲಾಸ್ಟಿಕ್ಕಿನ ಹೊಸ ಲೆನ್ಸು ಶೋಭಿಸದೆಂದು ಹಿತ್ತಾಳೆ ಲೆನ್ಸನ್ನೇ ಹಾಕಿದ್ದ. ಒಂಬತ್ತರವರೆಗೂ ಕಣ್ಣು ಮಿಟುಕಿಸದೆ ಕಾದ. ಒಂದು ಎಳೆಯೂ ಸುಡಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ, ನಾಲ್ಕನೇ ದಿನವೂ ಇಲ್ಲ. ಸಾವಂತ್ರಮ್ಮ ಪರೀಕ್ಷೆಗೆಂದು ಇದ್ದಬದ್ದ ಬಣ್ಣದ ಬಟ್ಟೆಯನ್ನೆಲ್ಲ ಹರವಿದಳು. ಏನೂ ಆಗಲಿಲ್ಲ. ಬಾನಾಮತಿ ಕ್ಯಾಮೆರಾಕ್ಕೆ ಹೆದರಿ ಓಡಿತೆಂದು ಅಂಜಿನಮ್ಮ ಒಪ್ಪಿಕೊಂಡಳು, ಹಿತ್ತಾಳೆ ಲೆನ್ಸಿಗೆ ದೂರದಿಂದಲೇ ಕೈ ಮುಗಿದಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ. ಸಂತೇಬೆನ್ನೂರಿನಿಂದ ಒಬ್ಬರು ಹಾಲು ಕೊಡದ ಎಮ್ಮೆಯನ್ನು ಲಗೇಜ್ ಆಟೋದಲ್ಲಿ ತಂದರು. ಗೋಣೆಪ್ಪ ಅದರ ಕಡೆ ಲೆನ್ಸು ತಿರುಗಿಸಿದ. ಎಮ್ಮೆ ಎರಡು ನಿಮಿಷ ಲೆನ್ಸನ್ನು ನೋಡಿ, ಊರಿಗೆ ಹೋಗಿ, ಮೂರು ಸೇರು ಕರೆಯಿತಂತೆ. ಬಸವಾಪಟ್ಟಣದವರು ಬೋರು ಕೊರೆಸುವ ಜಾಗದ ಮಣ್ಣು ಕಟ್ಟಿಕೊಂಡು ಬಂದರು. ರಚ್ಚೆ ಹಿಡಿದ ಕೂಸುಗಳನ್ನು ಲೆನ್ಸಿನ ಮುಂದೆ ಕೂರಿಸಿದರೆ ಹಿತ್ತಾಳೆಯಲ್ಲಿ ತಮ್ಮ ಮುಖ ಕಂಡು ಸುಮ್ಮನಾಗುತ್ತಿದ್ದವು. ಹೊನ್ನಾಳಿಯ ಒಬ್ಬ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ಅಳಿಯನನ್ನು ಕರೆತಂದರೆ ನೋಡುತ್ತಾರಾ ಎಂದು ಗುಟ್ಟಾಗಿ ವಿಚಾರಿಸಿದರು. ನಾನು ಸಾಲು ನೋಡಿಕೊಳ್ಳುವವನಾಗಿಬಿಟ್ಟಿದ್ದೆ. ಯಾರು ನೇಮಿಸಿದರೋ ಗೊತ್ತಿಲ್ಲ.

ಗೋಣೆಪ್ಪನ ನಡೆ ನುಡಿ ಬದಲಾಯಿತು. ಮಾತು ಕಡಿಮೆಯಾಯಿತು. ಸ್ನಾನ ಮಾಡದೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಕಾಲೇಜಿನ ಪ್ರಿನ್ಸಿಪಾಲರೇ ಒಂದು ದಿನ ಬಂದು, ಇವನಿಗೆ ಕುರ್ಚಿ ಕೊಡದೆ ಇಪ್ಪತ್ತೆರಡು ವರ್ಷ ನಿಲ್ಲಿಸಿಕೊಂಡೆವಲ್ಲ ಎಂದು ಪೇಚಾಡಿದರು. ಆ ಮಾತು ಕೇಳಿದ ರಾತ್ರಿ ಅವನು ಊಟವನ್ನೇ ಮರೆತನಂತೆ. ಗೌರವ ಎಂಬುದನ್ನು ಅಷ್ಟು ವರ್ಷ ಅವನು ಬೇರೆಯವರ ಮೇಜಿನ ಮೇಲಷ್ಟೇ ನೋಡಿದ್ದ.

ಅತ್ತ ಅಂಜಿನಮ್ಮ ಇನ್ನೊಂದು ಲೆಕ್ಕ ತೆಗೆದಳು. ಬಾನಾಮತಿ ಓಡಿದೆ, ಮಾಡಿಸಿದವಳು ಇಲ್ಲೇ ಇದ್ದಾಳೆ. ಶುಭಕಾರ್ಯದ ದಿನ ಅವಳು ಹೊಸ್ತಿಲು ತುಳಿಯಬಾರದು. ನ್ಯಾಮತಿಯವರ ಕಿವಿಗೆ ಈ ಸುದ್ದಿ ಬಿದ್ದರೆ ಸಂಬಂಧವೇ ಮುರಿದೀತು. ಉಚ್ಚಂಗೆಮ್ಮನನ್ನು ಹೊನ್ನಾಳಿಯ ಹತ್ತಿರದ ಅವಳ ತವರಿಗೆ ಕಳಿಸಬೇಕೆಂದು ತೀರ್ಮಾನವಾಯಿತು. ಅವಳ ಗಂಡ ಬಾಯಿ ತೆರೆಯಲು ನೋಡಿ, ತಮ್ಮನ ಮುಖ ನೋಡಿ, ಮುಚ್ಚಿಕೊಂಡ. ಉಚ್ಚಂಗೆಮ್ಮ ತಲೆಯಾಡಿಸಿ ಒಳಗೆ ಹೋದಳು.

ಅವತ್ತು ಸಂಜೆ ಸುನೀತಾ ಗೋಣೆಪ್ಪನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಹುಡುಗಿ ಕೂತುಕೊಳ್ಳಲಿಲ್ಲ.

"ಮಾಮಾ, ನಿಮ್ಮ ಕ್ಯಾಮೆರಾಕ್ಕೆ ಅಷ್ಟು ಶಕ್ತಿ ಐತೆ ಅಂದ್ರೆ ಯಾರು ಮಾಡಿದ್ದು ಅಂತ ಹಿಡ್ದು ತೋರ್ಸ್ರಿ. ಓಡ್ಸೋದು ಬ್ಯಾಡ. ನಮ್ಮ ದೊಡ್ಡವ್ವ ಬ್ಯಾಗ್ ತುಂಬಿಟ್ಟಾಳೆ. ನನ್ನ ಉಡಿಗೆ ಅಂತ ತಂದಿದ್ದ ಕುಪ್ಪಸನೂ ಅದ್ರಾಗೇ ಇಟ್ಕೊಂಡಾಳೆ."

ಗೋಣೆಪ್ಪ ಹೂಂ ಎಂದ.

ಮರುದಿನ ನಿಶ್ಚಿತಾರ್ಥಕ್ಕೆ ಹಿಂದಿನ ದಿನ. ಬಾನಾಮತಿಯನ್ನು ಓಡಿಸುವ ಬದಲು ಬರಗೊಟ್ಟು ಹಿಡಿಯಬೇಕೆಂದು ಗೋಣೆಪ್ಪ ಉಪಾಯ ಮಾಡಿದ. ಅದು ಹೆದರುವುದು ಹಿತ್ತಾಳೆ ಲೆನ್ಸಿಗೆ. ಆದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟು, ಕ್ಯಾಮೆರಾಕ್ಕೆ ಹೊಸ ಲೆನ್ಸು ಹಾಕಿಕೊಂಡು ಬಂದ. ಇಷ್ಟು ದಿನದಲ್ಲಿ ಅವನು ಮಾಡಿದ ಸರಿಯಾದ ಆಲೋಚನೆ ಇದೊಂದೇ, ಅದೂ ತಪ್ಪು ಕಾರಣಕ್ಕೆ. ಮನೆಯಲ್ಲಿ ನಿರ್ಮಲಮ್ಮ ಲೆನ್ಸಿನೊಳಗೆ ಇಣುಕಿದಳು. ಎರಡು ವಾರದಿಂದ ಕ್ಯಾಮೆರಾ ಬಿಟ್ಟಿಳಿಯದೆ, ಬಿಸಿಲು ಕಾಯದೆ ಬೂಷ್ಟು ಮತ್ತೆ ಚಿಗುರಿತ್ತು. ನಾಳೆ ಫೋಟೊ ಕೆಡುತ್ತದಲ್ಲ ಎಂದು ಮರುಗಿ, ಗಂಡ ಮಾಡುತ್ತಿದ್ದಂತೆಯೇ ಜಾಲಿಯ ತೂತಿನಲ್ಲಿಟ್ಟು, ಚಿಂದಿ ತುರುಕಿ, ಕಾಫಿ ಕಾಯಿಸಲು ಹೋದಳು.

ಗೋಡೆಯ ಈಚೆ, ಸಾವಂತ್ರಮ್ಮನ ತಾರಸಿಯಲ್ಲಿ, ನಾವು ಹದಿನೈದಿಪ್ಪತ್ತು ಜನ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಜಯಪ್ಪ, ಸಾವಂತ್ರಮ್ಮ, ಅಂಜಿನಮ್ಮ, ಬೀದಿಯವರು. ಮೆಟ್ಟಿಲ ಬಾಗಿಲಲ್ಲಿ ಉಚ್ಚಂಗೆಮ್ಮ ಬ್ಯಾಗು ಹಿಡಿದು ನಿಂತಿದ್ದಳು, ಹತ್ತೂವರೆ ಬಸ್ಸಿಗೆ ಹೊರಟವಳು. ತಂತಿಯ ಮೇಲೆ ಕೆಂಪಂಚಿನ ಒಂದು ಬಿಳಿ ಪಂಚೆ. ನಾಳೆ ಬೀಗರೆದುರು ಉಡಲೆಂದು ಸಾವಂತ್ರಮ್ಮನ ಗಂಡನಿಗೆ ಒಗೆದು ಹರವಿದ್ದು. ತೆಳ್ಳನೆಯ ಪಂಚೆ, ಗೋಡೆಯ ನೆರಳಿನಲ್ಲಿ ತೂಗುತ್ತಿತ್ತು.

ಗೋಣೆಪ್ಪ ಕ್ಯಾಮೆರಾದಲ್ಲಿ ಕಣ್ಣಿಟ್ಟ. ಸ್ವಲ್ಪ ಹೊತ್ತಿಗೆ ಅವನ ಬೆನ್ನು ನೆಟ್ಟಗಾಯಿತು. ಪಂಚೆಯ ನಡುವೆ, ಅಂಗೈಯಗಲದ ಒಂದು ಬೆಳಕು ಮೂಡಿತ್ತು. ಬರೀ ಬೆಳಕಲ್ಲ, ಅದಕ್ಕೆ ಬಣ್ಣವಿತ್ತು. ಮೇಲುಗಡೆ ತಾರಸಿಯ ನೆಲ, ಕೆಳಗಡೆ ನೀಲಿ ಆಕಾಶ. ಮೇಲಿನಿಂದ ತುಳಸಿ ಗಿಡವೊಂದು ಕೆಳಮುಖವಾಗಿ ಬೆಳೆದಿತ್ತು. ನೀರಿನ ಟ್ಯಾಂಕು ತಲೆಕೆಳಗಾಗಿ ತೂಗುತ್ತಿತ್ತು, ಒಂದು ಹನಿ ನೀರೂ ಚೆಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಹೆಂಗಸು, ಕಾಲು ಮೇಲಾಗಿ, ತಲೆ ಕೆಳಗಾಗಿ, ಕೈಯಲ್ಲಿ ಲೋಟ ಹಿಡಿದು, ಆ ಪಂಚೆಯೊಳಗೆ ನಡೆದು ಬಂದಳು.

ಅಂಜಿನಮ್ಮ ಜಯಪ್ಪನ ತೋಳು ಹಿಡಿದಳು. ಜಯಪ್ಪ ಇನ್ನೊಬ್ಬರ ತೋಳು ಹಿಡಿದರು.

"ಕಾಫಿ ಆರ್ತೈತ್ರೀ," ಎಂದು ಗೋಡೆಯಾಚೆಯಿಂದ ನಿರ್ಮಲಮ್ಮನ ದನಿ ಕೇಳಿತು. ಪಂಚೆಯೊಳಗಿನ ಹೆಂಗಸು ಅದೇ ಗಳಿಗೆಗೆ ಲೋಟ ಎತ್ತಿ ತೋರಿಸಿದಳು. ಅದೇ ಹೊತ್ತಿಗೆ ಚಿತ್ರದ ಅಂಚಿನಲ್ಲಿದ್ದ, ನೋಡಲಾಗದಷ್ಟು ಪ್ರಖರವಾದ ಒಂದು ಚುಕ್ಕೆ ಪಂಚೆಯ ಕೆಂಪು ಅಂಚಿಗೆ ಸರಿಯಿತು. ಎಳೆಯಷ್ಟು ಹೊಗೆ ಎದ್ದಿತು.

ಗೋಣೆಪ್ಪ ಎದ್ದು ಜಾಲಿಯ ಬಳಿ ಹೋಗಿ, ಪಂಚೆಯ ಹಿಂದಕ್ಕೆ ಕೈ ತೂರಿಸಿದ. ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ಹೆಂಗಸು ಮಾಯ, ಹೊಗೆ ಮಾಯ. ಕೈ ತೆಗೆದ. ಹೆಂಗಸು ಬಂದಳು. ಮತ್ತೆ ಅಡ್ಡ ಹಿಡಿದ. ಹೀಗೆ ನಾಲ್ಕು ಸಲ ಮಾಡಿದ. ಅವನ ಮುಖ ನನಗೆ ಕಾಣುತ್ತಿತ್ತು. ಕೆಳಗೆ ಬೀದಿಯಲ್ಲಿ ಸಂತೇಬೆನ್ನೂರಿನ ಜನ ಕಾದಿದ್ದರು. ಪ್ರಿನ್ಸಿಪಾಲರ ಕುರ್ಚಿ ಕಾದಿತ್ತು. ಸುಮ್ಮನೆ ಆ ಲೆನ್ಸನ್ನು ಒಳಕ್ಕೆಳೆದು ಅಂಗಿಯೊಳಗೆ ಅಡಗಿಸಿಕೊಂಡಿದ್ದರೆ ಅವನು ಸಾಯುವವರೆಗೂ ದೊಡ್ಡ ಮನುಷ್ಯನಾಗಿಯೇ ಇರಬಹುದಿತ್ತು. ಅವನು ಮೆಟ್ಟಿಲ ಬಾಗಿಲಿನ ಕಡೆ, ಆ ಬ್ಯಾಗಿನ ಕಡೆ ನೋಡಿದ.

"ಬಾನಾಮತಿ ಅಲ್ರೀ. ನಾನು. ನನ್ನ ಲೆನ್ಸ್ ಸುಟ್ಟಿದ್ದು. ದಿನಾ ಇಲ್ಲಿಟ್ಟು ಸ್ನಾನಕ್ಕೆ ಹೋಗ್ತಿದ್ದೆ."

ಒಬ್ಬರೂ ನಂಬಲಿಲ್ಲ. ಎಂಥ ದೊಡ್ಡ ಮನಸ್ಸು, ಮನೆ ಒಡೀಬಾರದು ಅಂತ ಅಪವಾದ ಮೈಮೇಲೆ ಎಳಕೊಂಡ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಗೋಣೆಪ್ಪ ತನ್ನ ಕಡು ಹಸಿರು ಅಂಗಿಯನ್ನು ಬಿಚ್ಚಿ ಲೆನ್ಸಿನ ಹಿಂದೆ ಹಿಡಿದ. ಕ್ಷಣದಲ್ಲಿ ತೂತು. ಒಂದು ತೂತಿಗೆ ನಂಬಲಿಲ್ಲ, ಎರಡನೆಯದು ಮಾಡಿದ. ಐದನೆಯದಕ್ಕೆ ಜಯಪ್ಪ ಮುಂದೆ ಬಂದು, ಜೇಬಿನಿಂದ ಬೀಡಿ ತೆಗೆದು, ಆ ಚುಕ್ಕೆಗೆ ಹಿಡಿದರು. ಹತ್ತಿಕೊಂಡಿತು. ಒಂದು ದಮ್ಮು ಎಳೆದು, ತನಿಖೆ ಮುಗಿಯಿತು ಎಂದರು.

ಆದರೂ ಅಂಜಿನಮ್ಮ ಪಟ್ಟು ಬಿಡಲಿಲ್ಲ. ಬೆಂಕಿ ಸರಿ, ಆ ತಲೆಕೆಳಗಿನ ಹೆಂಗಸು ಯಾರು? ಅದು ನನ್ನ ಹೆಂಡತಿ ಎಂದು ಗೋಣೆಪ್ಪ ಹೇಳಿದ. ಲೆನ್ಸು ಟೆಂಟಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲೂ ಮಾಡುತ್ತಿದೆ, ಆಚೆ ನಿಂತವರನ್ನು ಈಚೆ ತೋರಿಸುತ್ತಿದೆ, ಬೇಕಿದ್ದರೆ ಬೇರೆ ಯಾರಾದರೂ ಆಚೆ ಹೋಗಿ ನಿಂತು ನೋಡಿ ಎಂದ. ಯಾರೂ ಏಳಲಿಲ್ಲ. ತಲೆಕೆಳಗಾಗಲು ಯಾರಿಗೂ ಮನಸ್ಸಿಲ್ಲ. ಒಮ್ಮೆ ಹಾಗೆ ಆಗಿಬಿಟ್ಟರೆ ಮತ್ತೆ ಸರಿಯಾಗದಿದ್ದರೆ? ನಾನೂ ಕಾಲು ನೋವೆಂದು ಕೂತೇ ಇದ್ದೆ.

ಮೆಟ್ಟಿಲ ಬಾಗಿಲಿನಿಂದ ಉಚ್ಚಂಗೆಮ್ಮ ಮಾತಾಡಿದಳು. ಮೂರು ವಾರದಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ನಾನು ಹೋಗ್ತೀನಿ ಬಿಡ್ರಿ. ಮೂರು ವಾರದಿಂದ ತಲೆಕೆಳಗಾಗೇ ಅದೀನಿ. ಇನ್ನೊಂದು ಗಳಿಗೆ ನಿಂತ್ರೆ ನನಗೇನಾಗ್ತೈತೆ."

ಬ್ಯಾಗು ಅಲ್ಲೇ ಇಟ್ಟು ಕೆಳಗಿಳಿದು, ಗೋಣೆಪ್ಪನ ಮನೆಯೊಳಗಿಂದ ಅವನ ತಾರಸಿಗೆ ಹತ್ತಿದಳು. ಗೋಣೆಪ್ಪ ಚಿಂದಿ ಬಟ್ಟೆ ಕಿತ್ತು ಲೆನ್ಸಿನ ತಲೆ ತಗ್ಗಿಸಿದ. ಸುಡುವ ಚುಕ್ಕೆ ಪಂಚೆಯಿಂದ ಆಚೆಗೆ ಹೋಯಿತು. ಉಳಿದದ್ದು ಚಿತ್ರ ಮಾತ್ರ. ಅದರೊಳಗೆ ಉಚ್ಚಂಗೆಮ್ಮ ಬಂದು ನಿಂತಳು. ಬೆನ್ನ ಹಿಂದಿನ ಬಿಸಿಲು ಅವಳ ಸೆರಗಿನ ಅಂಚಿಗೆ, ಕೂದಲಿಗೆ, ತೋಳಿಗೆ ಸುತ್ತಲೂ ಹತ್ತಿಕೊಂಡಿತ್ತು. ಬೂಷ್ಟಿನ ಮಂಜು ಅದನ್ನು ಇನ್ನಷ್ಟು ಮೆತ್ತಗೆ ಮಾಡಿತ್ತು. ಅಷ್ಟು ಸಣ್ಣ ಮುಖ, ಆದರೂ ಅವಳು ಅಳದೆ ತಡೆದುಕೊಂಡಿರುವುದು ಕಾಣುತ್ತಿತ್ತು. ಅವಳನ್ನು ನಾವು ಮೂವತ್ತು ವರ್ಷದಿಂದ ದಿನಾ ನೋಡುತ್ತಿದ್ದೆವು. ಅವತ್ತೇ ನೋಡಿದ್ದು.

ಸಾವಂತ್ರಮ್ಮ ಮಂಡಿಯೂರಿ ಪಂಚೆಯ ಹತ್ತಿರಕ್ಕೆ ಸರಿದಳು. ಬೆರಳ ತುದಿಯನ್ನು ಚಿತ್ರದ ಹತ್ತಿರ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದಳು.

"ಗೋಣೆಪ್ಪ, ನಮ್ಮಕ್ಕನ್ನ ನೆಟ್ಟಗೆ ನಿಲ್ಸಾಕೆ ಬರಲ್ಲೇನೋ?"

"ನನಗೆ ಬರಲ್ಲಕ್ಕಾ," ಎಂದ ಗೋಣೆಪ್ಪ.

ಸಾವಂತ್ರಮ್ಮ ಎದ್ದು ಹೋದಳು. ಮೆಟ್ಟಿಲಲ್ಲಿ ಅವಳ ಬಳೆ ಸದ್ದು ಕೆಳಗೆ ಹೋಯಿತು, ಪಕ್ಕದ ಮನೆಯಲ್ಲಿ ಮೇಲೆ ಬಂತು. ಪಂಚೆಯೊಳಗೆ ಇನ್ನೊಬ್ಬ ಪುಟ್ಟ ಹೆಂಗಸು ಕಾಣಿಸಿಕೊಂಡಳು. ಓಡಿ ಬಂದವಳು ಹತ್ತಿರಕ್ಕೆ ಬಂದು ತಡೆದು ನಿಂತಳು. ಆಮೇಲೆ ಅಕ್ಕನ ಕಾಲಿಗೆ ಬಿದ್ದಳು. ನಮ್ಮ ಚಿತ್ರದಲ್ಲಿ ಕಾಲು ಮೇಲಿತ್ತಲ್ಲ, ಅವಳು ಎರಡೂ ಕೈ ಚಾಚಿ ಮೇಲಕ್ಕೆ, ಮೇಲಕ್ಕೆ ಏರಿ ಹೋದಂತೆ ಕಂಡಿತು. ಉಚ್ಚಂಗೆಮ್ಮ ಬಾಗಿ, ಅವಳ ತೋಳು ಹಿಡಿದು, ತನ್ನ ಎದೆಯ ಮಟ್ಟಕ್ಕೆ ಇಳಿಸಿಕೊಂಡಳು.

ಗೋಡೆ ಎದೆಯೆತ್ತರದ್ದು. ಎದ್ದು ನಿಂತು ಪಂಚೆ ಸರಿಸಿದ್ದರೆ ಅಕ್ಕತಂಗಿಯರಿಬ್ಬರೂ ಹತ್ತು ಹೆಜ್ಜೆ ಆಚೆ, ಪೂರ್ತಿ ಎತ್ತರದಲ್ಲಿ, ನೆಟ್ಟಗೇ ಕಾಣುತ್ತಿದ್ದರು. ನಮ್ಮಲ್ಲಿ ಒಬ್ಬರೂ ಏಳಲಿಲ್ಲ.